ಗಿಣ್ಣು ಯಾಕೆ ಅಲುಗಾಡುತ್ತದೆ

ಲೋಕ ಆಗಷ್ಟೇ ಹುಟ್ಟಿ, ಮಣ್ಣು ಇನ್ನೂ ಹಸಿಹಸಿಯಾಗಿತ್ತು. ಗಾಳಿಗೆ ಮಾತು ಬರುತ್ತಿತ್ತು, ದನಗಳಿಗೂ ಬರುತ್ತಿತ್ತು. ಹಾಲು ಮಾತ್ರ ಎಲ್ಲ ದಿನವೂ ಒಂದೇ ಥರ ಇರುತ್ತಿತ್ತು. ತೆಳ್ಳಗೆ, ಬೆಳ್ಳಗೆ.

ಹೊಳೆಯ ದಂಡೆಯಲ್ಲಿ ಕಲ್ಲವ್ವ ಎಂಬ ಹೆಂಗಸಿದ್ದಳು. ತನ್ನ ಗುಡಿಸಲನ್ನು ತಾನೇ ಕಟ್ಟಿಕೊಂಡವಳು, ಒಲೆಯನ್ನೂ ತಾನೇ ಹೂಡಿಕೊಂಡವಳು. ಯಾರನ್ನೂ ಏನೂ ಕೇಳುವವಳಲ್ಲ. ಅವಳ ಹಸುವಿನ ಹೆಸರು ಕೆಂಪಿ.

ಕೆಂಪಿ ಗಬ್ಬವಾಗಿದ್ದಾಗ ಸೂರ್ಯನನ್ನು ಬೇಡಿಕೊಂಡಿತು, ತನ್ನ ಕರುವಿಗೆ ಕಾಲಲ್ಲಿ ಬಲ ಬರಲಿ ಎಂದು. ಸೂರ್ಯ ಹೂಂ ಅಂದ. ಆ ಮಾತು ಕಲ್ಲವ್ವನಿಗೆ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಕರು ಹುಟ್ಟಿತು. ಏಳಲು ಹೋಯಿತು, ಬಿತ್ತು. ಮತ್ತೆ ಏಳಲು ಹೋಯಿತು, ಮತ್ತೆ ಬಿತ್ತು. ಆಮೇಲೆ ಸುಮ್ಮನೆ ಮಲಗಿಬಿಟ್ಟಿತು. ಹೊತ್ತು ಮುಳುಗುವುದರೊಳಗೆ ಎದ್ದು ನಿಲ್ಲದ ಕರು ಉಳಿಯುವುದಿಲ್ಲ ಎಂದು ಕಲ್ಲವ್ವನಿಗೆ ಗೊತ್ತಿತ್ತು.

ಎಳೆಗರುವಿಗೆ ಹಸಿ ಹಾಲು ಆಗುವುದಿಲ್ಲ, ಕಾಯಿಸಿಯೇ ಕೊಡಬೇಕು ಎಂದು ಅವಳ ಲೆಕ್ಕ. ಹಾಲು ಕರೆದಳು. ಹಾಲು ಹಳದಿಯಾಗಿತ್ತು, ಮಂದವಾಗಿತ್ತು. ಶಕ್ತಿ ಬರಲಿ ಎಂದು ಬೆಲ್ಲ ಹಾಕಿ ಒಲೆಯ ಮೇಲಿಟ್ಟಳು. ನೋಡನೋಡುತ್ತ ಹಾಲು ಗಂಟುಗಂಟಾಗಿ ಒಡೆದು ನಿಂತಿತು.

ಬೆಂಕಿ ಜೋರಾಯಿತು ಅಂದುಕೊಂಡು ಅವಳು ಮತ್ತೆ ಸ್ವಲ್ಪ ಕರೆದಳು. ಈ ಸಲ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಅದರೊಳಗೆ ಹಾಲಿನ ಬಟ್ಟಲಿಟ್ಟು, ಮುಚ್ಚಳ ಮುಚ್ಚಿ ಹದವಾಗಿ ಬೇಯಿಸಿದಳು. ಮುಚ್ಚಳ ತೆಗೆದರೆ ಗಂಟಿಲ್ಲ, ಒಡಕಿಲ್ಲ. ಆದರೆ ಬಟ್ಟಲಿಗೆ ಬಟ್ಟಲೇ ಗಟ್ಟಿ.

ಗಾಳಿ ಕಿಟಕಿಯಲ್ಲಿ ಇಣುಕಿತು. "ಕಲ್ಲವ್ವಾ, ಕರುವಿಗೆ ಹಾಲು ಕುಡಿಸ್ತೀಯೋ, ಚೂರು ಮಾಡಿ ತಿನ್ನಿಸ್ತೀಯೋ?"

ಕಲ್ಲವ್ವ ಬಟ್ಟಲನ್ನು ಪಕ್ಕಕ್ಕಿಟ್ಟಳು. ಹೊರಗೆ ಬಿಸಿಲು ಇಳಿಯುತ್ತಿತ್ತು. ಕರು ಕಣ್ಣು ಮುಚ್ಚಿತ್ತು. ಅವಳು ಹೋಗಿ ಕೆಂಪಿಯ ಮುಂದೆ ಕೂತಳು. ಕೇಳಲು ಬಾಯಿ ಬರಲಿಲ್ಲ. ಕರುವನ್ನು ಇನ್ನೊಂದು ಸಲ ನೋಡಿದಳು. ಆಮೇಲೆ ಕೇಳಿದಳು.

"ನನಗೆ ತಿಳೀತಾ ಇಲ್ಲ ಕಣವ್ವಾ. ನೀನೇ ಹೇಳು."

ಕೆಂಪಿ ಅವಳ ಕೈ ನೆಕ್ಕಿತು. "ಈ ಹಾಲಿನಲ್ಲಿ ಸೂರ್ಯನ ಬಲ ಇದೆ ತಾಯಿ. ಬಿಸಿ ತಾಗಿದ ಕಡೆ ಅದು ಗಟ್ಟಿಯಾಗಿ ನಿಲ್ಲುತ್ತೆ. ಅದು ನಿಲ್ಲಬೇಕಾದ್ದು ಕರುವಿನ ಬೆಚ್ಚನೆ ಹೊಟ್ಟೆಯಲ್ಲಿ. ನೀನು ಬಟ್ಟಲಲ್ಲಿ ನಿಲ್ಲಿಸಿದೆ."

ಕಲ್ಲವ್ವ ಕರುವನ್ನು ತಬ್ಬಿ ಎತ್ತಿ ಕೆಚ್ಚಲಿಗೆ ಹಿಡಿದಳು. ಮೊದಲು ತುಟಿ ಮಾತ್ರ ಅಲುಗಿತು. ಆಮೇಲೆ ಚಪ್‌ಚಪ್ ಎಂದು ಸದ್ದು ಕೇಳಿಸಿತು. ಹೊಟ್ಟೆ ತುಂಬಿದ ಕರುವನ್ನು ಅವಳು ನೆಲಕ್ಕೆ ಬಿಟ್ಟಳು. ನಾಲ್ಕು ಕಾಲೂ ಗಡಗಡ ಅಲುಗಾಡಿದವು. ಆದರೆ ಕರು ಬೀಳಲಿಲ್ಲ. ಬೆಟ್ಟದ ಅಂಚಿನಲ್ಲಿದ್ದ ಸೂರ್ಯ ಅದನ್ನು ನೋಡಿಯೇ ಮುಳುಗಿದ.

ಕಲ್ಲವ್ವನ ಎದೆಯಿಂದ ದೊಡ್ಡ ಉಸಿರೊಂದು ಹೊರಬಿತ್ತು. ಆಗ ಅವಳಿಗೆ ಬೆಳಗಿನಿಂದ ತಾನು ಏನೂ ತಿಂದಿಲ್ಲ ಎಂದು ನೆನಪಾಯಿತು. ಆ ಬಟ್ಟಲನ್ನೇ ತಟ್ಟೆಗೆ ಬೋರಲು ಹಾಕಿದಳು. ಹಳದಿ ಗಿಣ್ಣು ಮೆಲ್ಲಗೆ ಜಾರಿ ತಟ್ಟೆಯಲ್ಲಿ ನಿಂತಿತು. ಒಂದು ಚೂರು ಬಾಯಿಗಿಟ್ಟಳು. ಗಾಳಿ ತನಗೂ ಬೇಕೆಂದು ಹತ್ತಿರ ಬಂತು.

"ಚೂರು ಮಾಡಿ ತಿನ್ನಿಸಲಾ?" ಅಂದಳು ಕಲ್ಲವ್ವ. ಗಾಳಿಗೆ ಅದರ ಪರಿಮಳ ಮಾತ್ರ ಸಿಕ್ಕಿತು.

ಅದಕ್ಕೇ ಮಗು, ಇಂದಿಗೂ ಹಸು ಈದಾಗ ಮೊದಲು ಕರು ಹೊಟ್ಟೆ ತುಂಬಾ ಕುಡಿಯುತ್ತದೆ, ಮಿಕ್ಕ ಹಾಲಿನಲ್ಲಿ ನಮಗೆ ಗಿಣ್ಣು. ಹೆಪ್ಪು ಹಾಕದಿದ್ದರೂ ಬಿಸಿಗೆ ಅದು ತಾನೇ ಗಟ್ಟಿಯಾಗುತ್ತದೆ. ನಿನ್ನ ತಟ್ಟೆಯನ್ನು ಸ್ವಲ್ಪ ಅಲ್ಲಾಡಿಸಿ ನೋಡು: ಗಿಣ್ಣು ಗಡಗಡ ಅಲುಗಾಡುತ್ತದೆ, ಆದರೆ ಬೀಳುವುದಿಲ್ಲ, ಆ ಸಂಜೆ ಮೊದಲ ಸಲ ಎದ್ದು ನಿಂತ ಕರುವಿನ ಹಾಗೆ.