ಕತ್ತರಿಸಿದ ಅಂಚು

ಪಂಚಾಯಿತಿಯಲ್ಲಿ ಸಾಕ್ಷಿ ಹೇಳಿ ಮಠಕ್ಕೆ ಮರಳಿದ ಮರುಳಯ್ಯ ಗುರುಗಳನ್ನು ಕೇಳಿದ: "ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಕಂಡದ್ದರಲ್ಲಿ ಒಂದಿಷ್ಟು ಬಿಟ್ಟೆ, ಅಷ್ಟೇ. ಬಿಟ್ಟರೆ ತಪ್ಪೇ?"

ಗುರುಗಳು ಒಂದು ಕತೆ ಹೇಳಿದರು.

ಯುದ್ಧಗಳ ಫೋಟೋ ತೆಗೆಯುವ ಒಬ್ಬನಿದ್ದ. ಗುಂಡಿನ ಸದ್ದಿಗೆ ಊರಿಗೆ ಊರೇ ಎದ್ದು ಓಡುವಾಗ ಇವನು ಕ್ಯಾಮೆರಾ ಹಿಡಿದು ಸದ್ದಿನ ಕಡೆಗೇ ಹೋಗುತ್ತಿದ್ದ. ಇಪ್ಪತ್ತು ವರ್ಷ ಹೀಗೇ ದುಡಿದ. ಬರೀ ಹೊಟ್ಟೆಪಾಡಿಗಲ್ಲ, ಅನ್ಯಾಯವನ್ನು ಲೋಕ ನೋಡಲಿ ಎಂಬ ಹಟವಿತ್ತು. ಅದರಲ್ಲಿ ಕಪಟವಿರಲಿಲ್ಲ.

ಅವನಿಗೆ ಹೆಸರು ತಂದದ್ದು ಒಂದೇ ಚಿತ್ರ. ಅದರಲ್ಲಿ ಸೈನಿಕರ ಬಂದೂಕುಗಳ ಮುಂದೆ ಒಬ್ಬ ಮುದುಕ ಒಂಟಿಯಾಗಿ ತಲೆಯೆತ್ತಿ ನಿಂತಿದ್ದ. ನಿಜಕ್ಕೂ ಮುದುಕ ಒಂಟಿಯಾಗಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬನನ್ನು ಕೈಕಟ್ಟಿ ನಿಲ್ಲಿಸಿದ್ದರು. ಅವನಿದ್ದರೆ ಚಿತ್ರದ ಕಳೆ ಕೆಡುತ್ತಿತ್ತು. ಪ್ರಿಂಟು ಹಾಕುವಾಗ ಛಾಯಾಗ್ರಾಹಕ ಆ ಅಂಚನ್ನು ಕತ್ತರಿಸಿದ. ಆ ಕಸುಬಿನವರೆಲ್ಲ ಮಾಡುವ ಕೆಲಸವೇ ಅದು. ಕತ್ತರಿಸಿದರೆ ಸುಳ್ಳಾಗುತ್ತದೆಯೇ ಎಂದು ಅವನೂ ನಿನ್ನ ಹಾಗೆಯೇ ಸಮಾಧಾನ ಹೇಳಿಕೊಂಡ. ಚಿತ್ರ ದೇಶದೇಶಗಳ ಪತ್ರಿಕೆಗಳಲ್ಲಿ ಬಂತು. ಪ್ರಶಸ್ತಿಯೂ ಬಂತು.

ಯುದ್ಧ ಮುಗಿದ ಮೇಲೆ ಕಾಣೆಯಾದವರ ವಿಚಾರಣೆ ಶುರುವಾಯಿತು. ಒಬ್ಬ ಹೆಂಗಸು ಆ ಪತ್ರಿಕೆಯ ಹಾಳೆ ಹಿಡಿದು ಅವನ ಮನೆಗೆ ಬಂದಳು. ಮುದುಕನ ಪಕ್ಕ, ಚಿತ್ರದ ಕೊನೆಯಲ್ಲಿ, ಒಂದು ಮೊಣಕೈ ಉಳಿದುಕೊಂಡಿತ್ತು.

"ಈ ಅಂಗಿಯ ತೋಳಿಗೆ ತೇಪೆ ಹಾಕಿದವಳು ನಾನೇ," ಎಂದಳು. "ಇವರು ನನ್ನ ಯಜಮಾನರು. 'ನಾವು ಹಿಡಿದೇ ಇಲ್ಲ, ಅವನೇ ಓಡಿಹೋದ' ಅಂತಾರೆ ಸೈನ್ಯದೋರು. ಪೂರ್ತಿ ಫೋಟೋ ಇದ್ರೆ ಕೊಡಿ ಅಣ್ಣ."

"ಅವರು ಚಿತ್ರಕ್ಕೆ ಅಡ್ಡ ಬರುತ್ತಿದ್ದರು," ಎಂದ.

"ಅವರು ಯಾರಿಗೂ ಅಡ್ಡ ಬಂದೋರಲ್ಲ," ಎಂದಳು.

ಫಿಲ್ಮು ಅವನ ಬೀರುವಿನಲ್ಲೇ ಇತ್ತು. ಆದರೂ ಹುಡುಕಿ ನೋಡುತ್ತೇನೆಂದು ಹೇಳಿ ಕಳಿಸಿದ. ಪೂರ್ತಿ ಚಿತ್ರ ಹೊರಬಂದರೆ ಒಂಟಿ ಮುದುಕನ ಕತೆ ಬಯಲಾಗುತ್ತದೆ. ಆಮೇಲೆ ತನ್ನ ಉಳಿದ ಚಿತ್ರಗಳನ್ನು ಯಾರು ನಂಬುತ್ತಾರೆ? ಎಷ್ಟೋ ಕೊಲೆಗಳಿಗೆ ಅವೇ ಸಾಕ್ಷಿ. ಹೀಗೆ ಮೀನಮೇಷ ಎಣಿಸುತ್ತ ಹನ್ನೊಂದು ದಿನ ಕಳೆದ. ಕೊನೆಗೆ ನಾಚಿಕೆ ತಾಳಲಾರದೆ ಪೂರ್ತಿ ಚಿತ್ರವನ್ನು ಪ್ರಿಂಟು ಹಾಕಿ ಅವಳ ಊರಿಗೆ ಹೋದ. ವಿಚಾರಣೆ ಮುಗಿದು ಎರಡು ದಿನವಾಗಿತ್ತು. ಅವಳ ಗಂಡ ತಾನಾಗಿಯೇ ಓಡಿಹೋದವನು ಎಂದು ತೀರ್ಪು ಬರೆದು ವಿಚಾರಣೆಯವರು ಎದ್ದುಹೋಗಿದ್ದರು.

ಅವಳು ಬೈಯಲಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಇಲ್ಲಿ ಇವರು ಏನೋ ಹೇಳ್ತಿದ್ದಾರೆ ನೋಡಿ," ಎಂದಳು. "ನೀವು ಅಲ್ಲೇ ಇದ್ರಲ್ಲ. ಏನು ಹೇಳಿದ್ರು?"

ಅವನು ಕೇಳಿಸಿಕೊಂಡಿರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಗುರುಗಳು ಮರುಳಯ್ಯನನ್ನು ಕೇಳಿದರು:

"ನಿಮ್ಮ ಪಂಚಾಯಿತಿ ತೀರ್ಪು ಹೇಳುವುದು ನಾಳೆ ತಾನೇ?"