ಅಯ್ಯನವರ ಮೂರು ಭಾನುವಾರ

ತಿಮೋಥಿ ಅಯ್ಯನವರು ಬೆಟಗೇರಿಯ ಒಂದು ಸಣ್ಣ ಚರ್ಚಿನ ಸಭಾಪಾಲಕರು. ಯಾವ ದೊಡ್ಡ ಮಂಡಳಿಗೂ ಸೇರದ ಚರ್ಚು ಅದು. ಹೀಗಾಗಿ ವರ್ಗಾವಣೆಯ ಕಾಟವಿಲ್ಲದೆ ಇಪ್ಪತ್ತೆಂಟು ವರ್ಷ ಅಲ್ಲೇ ಕಳೆದರು.

ಅವರಿಗೆ ಮದುವೆಯಾಗಿರಲಿಲ್ಲ. ಹೆಣ್ಣು ತೋರಿಸಿ ತೋರಿಸಿ ಸಭೆಯವರೇ ಸುಸ್ತಾಗಿ ಕೈಬಿಟ್ಟಿದ್ದರು. ಕಾರಣ ಅಯ್ಯನವರಿಗೆ ಮಾತ್ರ ಗೊತ್ತಿತ್ತು. ಅವರ ಮನಸ್ಸು ಒಲಿಯುತ್ತಿದ್ದುದು ಗಂಡಸರಿಗೆ. ಹರೆಯದಲ್ಲಿ "ನನ್ನನ್ನು ಬದಲಾಯಿಸು ತಂದೆಯೇ" ಎಂದು ಬೇಡಿದ್ದೇ ಬೇಡಿದ್ದು. ದೇವರು ಅದೊಂದನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಬದಲಿಗೆ ಒಂದು ದಿನ ಚರ್ಚಿನ ಹಾರ್ಮೋನಿಯಂ ಕೆಟ್ಟಿತು. ರಿಪೇರಿಗೆಂದು ಜೀವರತ್ನ ಬಂದ. ಹಾರ್ಮೋನಿಯಂ ವಾರದಲ್ಲಿ ಸರಿಹೋಯಿತು, ಅವನು ಬರುವುದು ಮಾತ್ರ ನಿಲ್ಲಲಿಲ್ಲ. ಮನೆ ಬೇರೆ ಬೇರೆ, ಊಟ ಒಟ್ಟಿಗೆ. ಊರವರು ಕೇಳಿದರೆ ದೂರದ ಅಣ್ಣತಮ್ಮರು ಎನ್ನುತ್ತಿದ್ದರು.

ಅರವತ್ತೈದಕ್ಕೆ ನಿವೃತ್ತಿ ಬಂತು. ಚರ್ಚಿನ ಮನೆ ಬಿಡಬೇಕಾಯಿತು. ಅಯ್ಯನವರಿಗೆ ಇದ್ದ ಆಸೆ ಎರಡೇ. ಜೀವರತ್ನನ ಜೊತೆ ಮುಪ್ಪು ಕಳೆಯಬೇಕು, ಕೊನೆಯವರೆಗೂ ಇದೇ ಚರ್ಚಿನಲ್ಲಿ ಕೂತು ಪ್ರಾರ್ಥಿಸಬೇಕು. ತಮ್ಮಿಬ್ಬರ ನಿಜ ಹೇಳಿದರೆ ಎರಡನೆಯದು ಕೈತಪ್ಪಬಹುದಿತ್ತು.

ಆ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಜೋಡಿಯ ಹೆಸರು ಓದಿ, "ಯಾರಿಗಾದರೂ ತಕರಾರಿದ್ದರೆ ತಿಳಿಸಿ" ಎಂದು ಕೇಳುವ ಪದ್ಧತಿ. ಎಷ್ಟೋ ಜೋಡಿಗಳ ಹೆಸರು ಹೀಗೆ ಓದಿದ ತಾನು ಮಾತ್ರ ಕದ್ದುಮುಚ್ಚಿ ಬಾಳುವುದೇ ಎಂದು ಅಯ್ಯನವರಿಗೆ ನಾಚಿಕೆಯಾಯಿತು. ನಿವೃತ್ತಿಗೆ ಮುಂಚಿನ ಕೊನೆಯ ಮೂರು ಭಾನುವಾರ ತಮ್ಮದನ್ನೂ ಓದಲು ತೀರ್ಮಾನಿಸಿದರು.

ಮೊದಲ ಭಾನುವಾರ, "ಇನ್ನು ಮುಂದೆ ನಾನು ಜೀವರತ್ನ ಅವರ ಜೊತೆ ಬಾಳುತ್ತೇನೆ. ತಕರಾರಿದ್ದರೆ ತಿಳಿಸಿ" ಎಂದರು. ಸಭೆಯವರು ವಿಳಾಸ ಬದಲಾಯಿತು ಎಂದುಕೊಂಡರು. ಒಬ್ಬಿಬ್ಬರು ಡೈರಿಯಲ್ಲಿ ಬರೆದುಕೊಂಡರು ಕೂಡ.

ಎರಡನೆಯ ಭಾನುವಾರ ಅಯ್ಯನವರು ಬಿಡಿಸಿ ಹೇಳಿದರು: "ನಾವು ಅಣ್ಣತಮ್ಮರಲ್ಲ. ಇಪ್ಪತ್ತಾರು ವರ್ಷದಿಂದ ಒಬ್ಬರಿಗೊಬ್ಬರು ಬಾಳಸಂಗಾತಿಗಳು." ಈ ಸಲ ಯಾರೂ ಡೈರಿ ತೆಗೆಯಲಿಲ್ಲ.

ಅಂದು ಸಂಜೆ ಸಭೆಯ ಕಾರ್ಯದರ್ಶಿ ದಾನಿಯೇಲಪ್ಪ ಬಂದ. ಕೆಟ್ಟವನಲ್ಲ, ಗದ್ದಲ ಅಂದರೆ ಆಗದವನು.

"ಅಯ್ಯನೋರ, ಮುಂದಿನ ವಾರ 'ಹಂಗಲ್ಲ, ಬರೇ ದೋಸ್ತರು' ಅಂದುಬಿಡ್ರಿ. ಮಂದಿ ನಂಬ್ತಾರ. ನಂಬಾಕಂತನ ಕಾಯಾಕತ್ತಾರ."

"ಇಷ್ಟು ವರ್ಷ ಅಂಥಾದ್ದ ಹೇಳೀನಪಾ. ಈ ವಯಸ್ಸಿನಾಗ ಸುಳ್ಳು ನೆನಪಿಟ್ಕೊಳ್ಳೂದು ಭಾಳ ಕಷ್ಟ" ಎಂದರು ಅಯ್ಯನವರು.

ಮೂರನೆಯ ಭಾನುವಾರ ಅವರು ಮತ್ತೆ ಅದನ್ನೇ ಓದಿದರು. "ತಕರಾರಿದ್ದರೆ ತಿಳಿಸಿ." ಎರಡು ಮನೆಯವರು ಎದ್ದು ಹೊರಗೆ ನಡೆದರು. ಆ ಮನೆಯ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವರು ಅಯ್ಯನವರೇ.

ಆಗ ಎಂಬತ್ತು ದಾಟಿದ ನವೋಮಿ ಅಜ್ಜಿ ಬೆಂಚು ಹಿಡಿದುಕೊಂಡು ಎದ್ದಳು.

"ನಂದೈತ್ರಿ ತಕರಾರು."

ಅಯ್ಯನವರು ಕಣ್ಣು ಮುಚ್ಚಿಕೊಂಡರು.

"ವರ್ಷಾ ಕ್ರಿಸ್‌ಮಸ್ಸಿಗೆ ನಿಮಗ ಕರ್ಚಿಕಾಯಿ ಕಳಸ್ತೀನಿ. ಪಾಪ, ಒಬ್ರ ಅದಾರಂತ ಎಂಟ ಕಳಸ್ತೀನಿ. ಉಳದ ಮನಿಗೆಲ್ಲಾ ಡಬ್ಬಿ ತುಂಬಿ ಹೊಕ್ಕಾವು. ಇಷ್ಟು ವರ್ಷ ಆ ಎಂಟರಾಗ ಇಬ್ರು ತಿಂದೀರಿ. ನನಗ ಯಾಕ ಹೇಳಲಿಲ್ಲ?"

ಅಯ್ಯನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನೀವು ಬೈತೀರಂತ ಅಂಜಿದ್ದೆ, ನವೋಮಮ್ಮಾರ."

"ಬೈತಿದ್ದೆ" ಎಂದಳು ಅಜ್ಜಿ. "ಬೈದು, ಹದಿನಾರು ಕಳಸ್ತಿದ್ದೆ."

ಎದ್ದು ಹೋದ ಎರಡು ಮನೆಗಳಲ್ಲಿ ಒಂದು ಈಸ್ಟರ್ ಹೊತ್ತಿಗೆ ಮರಳಿತು. ಇನ್ನೊಂದು ಈಗಲೂ ಬೇರೆ ಚರ್ಚಿಗೆ ಹೋಗುತ್ತದೆ. ಅಯ್ಯನವರು ಮೂರನೆಯ ಬೆಂಚಿನಲ್ಲಿ ಜೀವರತ್ನನ ಪಕ್ಕ ಕೂತು ಎರಡೂ ಮನೆಗಳಿಗಾಗಿ ಪ್ರಾರ್ಥಿಸುತ್ತಾರೆ. ನೆಮ್ಮದಿಯಾಗಿದ್ದಾರೆ.

ನೀತಿ: ನಮ್ಮನ್ನು ನಾವು ಮುಚ್ಚಿಟ್ಟುಕೊಂಡರೆ ಬೈಯುವವರಿಂದ ತಪ್ಪಿಸಿಕೊಳ್ಳಬಹುದು. ಆದರೆ ನಮ್ಮನ್ನು ಪ್ರೀತಿಸುವವರಿಗೂ ಪೂರ್ತಿ ಪ್ರೀತಿಸುವ ಅವಕಾಶ ತಪ್ಪಿಸಿಬಿಡುತ್ತೇವೆ.