ನಲವತ್ತು ಅಚ್ಚು ಬೆಲ್ಲ

"ಬಹುಮಾನ ಎರಡು ಲಕ್ಷ ರೂಪಾಯಿ, ಗುರುಗಳೇ," ಎಂದ ಇಂದುಧರ. "ಭಾನುವಾರ ಆನ್‌ಲೈನ್ ಪ್ರೋಗ್ರಾಮಿಂಗ್ ಸ್ಪರ್ಧೆ. ಎರಡು ಗಂಟೆ, ಐದು ಲೆಕ್ಕ. ನಾನು ಎರಡು ಬಿಡಿಸುವಷ್ಟರಲ್ಲಿ, ಲೆಕ್ಕವನ್ನು ಎಐಗೆ ಕೊಟ್ಟು ಉತ್ತರ ನಕಲು ಮಾಡಿದವರು ಐದನ್ನೂ ಮುಗಿಸಿ ಟೀ ಕುಡಿಯುತ್ತಿರುತ್ತಾರೆ. ಕಳೆದ ಸಲ ನನಗೆ ಬಂದದ್ದು ಎರಡು ಸಾವಿರದ ನಾನೂರನೆಯ ಸ್ಥಾನ. ಮನೆಯಲ್ಲಿ ಕೂತು ಬರೆಯುವ ಪರೀಕ್ಷೆ, ನೋಡುವವರು ಯಾರೂ ಇಲ್ಲ. ಈ ಸಲ ನಾನೂ ಹಾಗೇ ಮಾಡಿದರೆ ತಪ್ಪೇನು?"

ಗುರು ನಾಲ್ಕು ವರ್ಷದಿಂದ ಅವನಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ತಪ್ಪೋ ಸರಿಯೋ ಅವರು ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಆರು ಮಳಿಗೆ, ಅರವತ್ತು ಗಾಡಿ. ಅವನ ಬಂಡವಾಳವೆಲ್ಲ ಅವನ ನಾಲಿಗೆಯಲ್ಲಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡರೆ ಸಾಕು, ಕಬ್ಬು ಕಪ್ಪು ಮಣ್ಣಿನದೋ ಸವಳು ಮಣ್ಣಿನದೋ, ಪಾಕಕ್ಕೆ ಎಷ್ಟು ಸುಣ್ಣ ಬಿದ್ದಿದೆ, ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೋ ಇಲ್ಲವೋ, ಎಲ್ಲ ಹೇಳುತ್ತಿದ್ದ. ಅರವತ್ತೆಂಟನೆಯ ವಯಸ್ಸಿನಲ್ಲಿ ಅವನಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕೊಂಡೊಯ್ದಿತು. ಮಕ್ಕಳಿರಲಿಲ್ಲ. ತನ್ನ ಬದಲಿಗೆ ಬೆಲ್ಲ ಕೊಳ್ಳಲು ಅವನಿಗೆ ಇನ್ನೊಂದು ನಾಲಿಗೆ ಬೇಕಾಯಿತು. ಸಿಕ್ಕರೆ ವ್ಯಾಪಾರದಲ್ಲಿ ಅರ್ಧ ಪಾಲು ಕೊಡುವುದೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡ. ಹೊರಗೆ ಹೇಳಲಿಲ್ಲ. ಹೇಳಿದರೆ ದರ ಏರುತ್ತದೆ.

ಆ ಪೇಟೆಯ ಸಂಘದವರು ವರ್ಷಕ್ಕೊಮ್ಮೆ ಒಂದು ಪಂದ್ಯ ನಡೆಸುತ್ತಿದ್ದರು. ಸುತ್ತಲ ಊರುಗಳ ತೊಂಬತ್ತು ಹುಡುಗರ ಮನೆಗೆ ನಲವತ್ತು ನಲವತ್ತು ಅಚ್ಚು ಬೆಲ್ಲದ ಗಂಟು ಹೋಗುತ್ತಿತ್ತು. ಬೆಳಗ್ಗೆ ಗಂಟು ಬಿಚ್ಚಿ, ಒಂದೊಂದು ಅಚ್ಚಿನ ಗುಣವನ್ನೂ ಚೀಟಿಯಲ್ಲಿ ಬರೆದು, ಸಂಜೆಯೊಳಗೆ ಒಪ್ಪಿಸಬೇಕು. ಹೆಚ್ಚು ಸರಿ ಬರೆದವನಿಗೆ ಮುನ್ನೂರ ಹತ್ತು ವರಹ. ಸರಿಸಮ ಬಂದವರು ಹಂಚಿಕೊಳ್ಳಬೇಕು.

ಆ ಕಾಲಕ್ಕೆ ಪೇಟೆಗೆ ಒಬ್ಬ ಚೀಟಿಯವನು ಬಂದಿದ್ದ. ಅವನು ಬೆಲ್ಲ ತಿಂದವನೇ ಅಲ್ಲ. ಸಂಘದವರು ರದ್ದಿಗೆ ಹಾಕಿದ್ದ ಇಪ್ಪತ್ತು ವರ್ಷದ ಚೀಟಿಗಳನ್ನು ಕೊಂಡು, ಅಷ್ಟನ್ನೂ ಓದಿ ತಲೆಯಲ್ಲಿಟ್ಟುಕೊಂಡಿದ್ದ. ಅಚ್ಚು ಮುರಿದು ಬಣ್ಣ ನೋಡುತ್ತಿದ್ದ, ಹರಳು ನೋಡುತ್ತಿದ್ದ. ಇಂಥ ಬೆಲ್ಲಕ್ಕೆ ಹಿಂದಿನವರು ಏನು ಬರೆದಿದ್ದರೋ ಅದನ್ನೇ ಬರೆದುಕೊಡುತ್ತಿದ್ದ. ನಲವತ್ತು ಅಚ್ಚಿಗೆ ಒಂದು ವರಹ. ತಪ್ಪುತ್ತಿದ್ದುದು ಬಲು ಅಪರೂಪ.

ವ್ಯಾಪಾರಿ ಗೆದ್ದವರ ಪಟ್ಟಿ ನೋಡುವವನಲ್ಲ. ಚೀಟಿಗಳನ್ನೇ ತರಿಸಿಕೊಂಡ. ಮೂವತ್ತೆಂಟು ಚೀಟಿಗಳಲ್ಲಿ ನಲವತ್ತಕ್ಕೆ ನಲವತ್ತೂ ಸರಿಯಿತ್ತು. ಅಷ್ಟರಲ್ಲೂ ಏಳನೆಯ ಅಚ್ಚಿಗೆ "ಸುಣ್ಣ ಒಂದು ಚಿಟಿಕೆ ಹೆಚ್ಚು" ಎಂಬ ಅದೇ ಮಾತು. ಅವನು ಆ ಕಟ್ಟನ್ನು ಪಕ್ಕಕ್ಕೆ ತಳ್ಳಿದ. ಇಪ್ಪತ್ತೈದು ಅಚ್ಚು ದಾಟಿದ ಮೇಲೆ ಯಾವ ನಾಲಿಗೆಯೂ ಮಾತು ಕೇಳುವುದಿಲ್ಲ. ಸಿಹಿ ತಿಂದು ತಿಂದು ಜಡವಾಗುತ್ತದೆ. ಮಜ್ಜಿಗೆಯಲ್ಲಿ ಮುಕ್ಕಳಿಸಿದರೂ ಏಳುವುದಿಲ್ಲ. ಪ್ರಾಯದಲ್ಲಿ ಹಾಗೆ ಜಡವಾದ ನಾಲಿಗೆಯನ್ನು ನಂಬಿ ಮೂರು ಗಾಡಿ ಸವಳು ಬೆಲ್ಲ ಕೊಂಡು ಕೈ ಸುಟ್ಟುಕೊಂಡಿದ್ದ ಅವನಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

ಕೊನೆಗೆ ತಳದಲ್ಲಿ ಒಂದು ಚೀಟಿ ಸಿಕ್ಕಿತು. ಇಪ್ಪತ್ತಮೂರು ಅಚ್ಚಿಗೆ ಮಾತ್ರ ಬರೆದಿತ್ತು. ಇಪ್ಪತ್ತೆರಡು ಸರಿ, ಒಂದು ತಪ್ಪು. ಅದರ ಕೆಳಗೆ, "ಇಲ್ಲಿಂದಾಚೆ ನಾಲಿಗೆ ಹೇಳುತ್ತಿಲ್ಲ, ಊಹೆಯಿಂದ ಬರೆಯಲಾರೆ" ಎಂದಿತ್ತು. ಪಂದ್ಯದಲ್ಲಿ ಆ ಹುಡುಗ ತೊಂಬತ್ತನೆಯವನು.

"ಇವನೇ," ಎಂದ ವ್ಯಾಪಾರಿ.

"ಹಾಗಾದರೆ ಇವತ್ತೇ ಹೇಳಿ ಕಳಿಸಲೇ, ಧಣಿ?" ಎಂದ ಗುಮಾಸ್ತ.

"ಒಂದೇ ತೂಕ ನೋಡಿ ಅರ್ಧ ಪಾಲು ಬರೆದುಕೊಡಲಿಕ್ಕೆ ನನಗೇನು ಹುಚ್ಚೇ? ಬರುವ ವರ್ಷ ಇನ್ನೊಮ್ಮೆ ತೂಗೋಣ. ಅಲ್ಲಿಯತನಕ ಈ ತೊಂಬತ್ತನೆಯವನನ್ನು ಯಾರು ಹಾರಿಸಿಕೊಂಡು ಹೋಗುತ್ತಾರೆ?"

ಗುಮಾಸ್ತ ತಲೆ ಕೆರೆದುಕೊಂಡ. "ಅಷ್ಟು ದಿನ ಕಾಯುವ ಬದಲು ಆ ಚೀಟಿಯವನನ್ನೇ ಇಟ್ಟುಕೊಂಡರೆ ಸೋವಿಯಲ್ಲವೇ?"

"ಅವನ ಮಾತು ಒಂದು ವರಹಕ್ಕೆ ಪೇಟೆಗೆಲ್ಲ ಸಿಗುತ್ತದೆ. ಎದುರಂಗಡಿಯವನ ಕೈಯಲ್ಲಿರುವ ಉತ್ತರವೇ ನನ್ನ ಕೈಯಲ್ಲೂ ಇದ್ದರೆ ನನಗೆ ಉಳಿಯುವುದೇನು ಮಾರಾಯ?"

ಆ ವರ್ಷ ಗುಮಾಸ್ತನೇ ಬೆಲ್ಲ ಕೊಂಡ. ಎರಡು ಮಳಿಗೆಯ ಸರಕು ಮಳೆಗಾಲದಲ್ಲಿ ನೀರೊಡೆದು ಹೋಯಿತು. ವ್ಯಾಪಾರಿ ಹಲ್ಲು ಕಚ್ಚಿಕೊಂಡು ಕಾದ.

ಮುಂದಿನ ವರ್ಷದ ಚೀಟಿಗಳು ಬಂದವು. ಅವನು ತಳದಿಂದಲೇ ಹುಡುಕಲು ತೊಡಗಿದ. ತೊಂಬತ್ತನೆಯದು ಆ ಹುಡುಗನದಲ್ಲ. ಎಂಬತ್ತನೆಯದೂ ಅಲ್ಲ. ಕೊನೆಗೆ ಸಿಕ್ಕಿದ್ದು ಮೇಲಿನ ಕಟ್ಟಿನಲ್ಲಿ, ನಲವತ್ತಕ್ಕೆ ನಲವತ್ತು ಬಂದ ಅರವತ್ತೆರಡು ಚೀಟಿಗಳ ನಡುವೆ. ಹೋದ ವರ್ಷ ಖಾಲಿ ಬಿಟ್ಟಿದ್ದ ಜಾಗವೆಲ್ಲ ಭರ್ತಿಯಾಗಿತ್ತು. ಬರವಣಿಗೆ ಹುಡುಗನದು. ಮಾತು ಚೀಟಿಯವನದು.

ವ್ಯಾಪಾರಿ ಗಾಡಿ ಕಟ್ಟಿಸಿಕೊಂಡು ತಾನೇ ಆ ಹುಡುಗನ ಮನೆಗೆ ಹೋದ.

"ಇಪ್ಪತ್ತನಾಲ್ಕನೆಯ ಅಚ್ಚು ಹೇಗಿತ್ತಪ್ಪ?" ಎಂದು ಕೇಳಿದ.

"ತಿನ್ನಲಿಲ್ಲ," ಎಂದ ಹುಡುಗ.

"ಹೋದ ವರ್ಷ ತಿಂದಿದ್ದೆಯಲ್ಲ?"

"ತಿಂದೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆಮೇಲೆ ವರ್ಷವಿಡೀ ನಮ್ಮ ಭಾವ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. 'ಏ ತೊಂಬತ್ತು, ಕಾಲಿಗೆ ನೀರು ತಾರೋ' ಎನ್ನುತ್ತಿದ್ದ. ಆಗ ನೀವು ಎಲ್ಲಿದ್ದಿರಿ, ಧಣಿ?"

ಈಗಲಾದರೂ ಅವನನ್ನು ಗಾಡಿ ಹತ್ತಿಸಿಕೊಂಡು ಹೋಗೋಣವೇ ಎಂದು ವ್ಯಾಪಾರಿ ಯೋಚಿಸಿದ. ಆದರೆ ಇನ್ನು ಮೇಲೆ ಈ ಹುಡುಗ ಹೇಳಿದ ಒಂದೊಂದು ಅಚ್ಚನ್ನೂ ಮತ್ತೊಬ್ಬನಿಗೆ ತಿನ್ನಿಸಿ ನೋಡಬೇಕು. ಆ ಮತ್ತೊಬ್ಬ ಎಲ್ಲಿದ್ದಾನೆ? ಗಾಡಿ ತಿರುಗಿಸಿದ. ಆ ದೀಪಾವಳಿಯೊಳಗೆ ಆರು ಮಳಿಗೆಯನ್ನೂ ಮಾರಿದ. ಅರ್ಧ ಪಾಲಿನ ವಿಷಯ ಹುಡುಗನಿಗೆ ತಿಳಿದದ್ದು ಆಮೇಲೆ, ಗುಮಾಸ್ತನ ಬಾಯಿಂದ.

ಗುರು ಕತೆ ನಿಲ್ಲಿಸಿದರು. ಇಂದುಧರನಿಗೆ ಸಿಟ್ಟು ಬಂದಿತ್ತು.

"ಇದರಲ್ಲಿ ಹುಡುಗನದೇನು ತಪ್ಪು, ಗುರುಗಳೇ? ಆ ಮುದುಕ ಮೊದಲ ವರ್ಷವೇ ಒಂದು ಮಾತು ಹೇಳಿ ಕಳಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?"

"ತಪ್ಪಿನಲ್ಲಿ ಮುಕ್ಕಾಲು ಪಾಲು ಮುದುಕನ ಹೆಸರಿಗೇ ಬರೆದುಕೋ," ಎಂದರು ಗುರು, "ಆದರೂ ಬಹುಮಾನವನ್ನು ಅರವತ್ತೆರಡು ಜನ ಹಂಚಿಕೊಂಡ ಮೇಲೆ ಹುಡುಗನ ಕೈಗೆ ಬಂದದ್ದು ಐದು ವರಹ, ಚೀಟಿಯವನಿಗೆ ಕೊಟ್ಟದ್ದು ಒಂದು, ಉಳಿದದ್ದು ನಾಲ್ಕು."